ಮಂಗಳೂರು ಅಂದ್ರೆ ಬರೀ ಬೀಚು, ದೇವಸ್ಥಾನ ಅಷ್ಟೇನಾ? ಊರನ್ನು ಎಲ್ಲಿಂದ ನೋಡಲು ಶುರು ಮಾಡಬೇಕು?

ಬೆಣ್ಣೆದೋಸೆ ಊರಿನವಳು

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಮಂಗಳೂರಿಗೆ ವರ್ಗ ಆಗಿದೆ, ಕದ್ರಿ ಹತ್ತಿರ ಮನೆ ಮಾಡಿದ್ದಾನೆ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ದಾವಣಗೆರೆಯಿಂದ ಹೊರಡುವ ಯೋಚನೆ ಇದೆ. ಯಾರನ್ನು ಕೇಳಿದರೂ ಒಂದೇ ಪಟ್ಟಿ: ಪಣಂಬೂರು ಬೀಚ್, ಕದ್ರಿ, ಕುದ್ರೋಳಿ, ಪಿಲಿಕುಳ, ಆಮೇಲೆ ಧರ್ಮಸ್ಥಳ, ಉಡುಪಿ. ಊರು ಎಂಥದ್ದು ಅಂತ ಮಾತ್ರ ಯಾರೂ ಹೇಳುತ್ತಿಲ್ಲ.

ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು. ಯಾವ ಊರಿಗೆ ಹೋದರೂ "ಇದು ಇಲ್ಲೇ ಯಾಕೆ ಬೆಳೀತು?" ಅಂತ ಕೇಳುತ್ತಾರೆ. ಅಮ್ಮನಿಗೆ ಮಂಡಿ ನೋವು, ಜೊತೆಗೆ ಮೀನು ಮಾಂಸ ಮುಟ್ಟಲ್ಲ. ನನಗೆ ಜನ, ಮಾತು, ಬೀದಿ ನೋಡಬೇಕು. ಅಲ್ಲಿಯವರು ಯಾರಾದರೂ ಇದ್ದರೆ ಸ್ವಲ್ಪ ವಿವರವಾಗಿ ಹೇಳಿ.

ಘಟ್ಟದ ಮೇಲಿನವ

ಡಿಸೆಂಬರ್ ಒಳ್ಳೆ ಟೈಮು. ಮಳೆ ಇರಲ್ಲ, ಸೆಕೆಯೂ ಕಮ್ಮಿ. ಪಣಂಬೂರಲ್ಲಿ ಸಂಜೆ ಸೂರ್ಯಾಸ್ತ ತಪ್ಪಿಸಬೇಡಿ.

ವೀಕೆಂಡ್ ಸವಾರ

ನೇರವಾಗಿ ಹೇಳ್ತೀನಿ, ಮಂಗಳೂರು ಸಿಟಿಯಲ್ಲಿ ನೋಡೋಕೆ ಏನೂ ಇಲ್ಲ. ಮಾಲು, ಆಸ್ಪತ್ರೆ, ಕಾಲೇಜು, ಟ್ರಾಫಿಕ್ಕು. ರಾತ್ರಿ ಉಳಿದು ಬೆಳಗ್ಗೆ ಉಡುಪಿ ಕಡೆ ಹೊರಡಿ. ಸಮುದ್ರ ಬೇಕಂದ್ರೆ ಮರವಂತೆ ಇದೆ, ಗೋಕರ್ಣ ಇದೆ.

ಬೋಳೂರಿನವ

ವೀಕೆಂಡ್ ಸವಾರರೇ, ನೀವು ಹೈವೇ ಮೇಲಿಂದ ನೋಡಿದ ಮಂಗಳೂರಿನ ಬಗ್ಗೆ ಹೇಳ್ತಿದ್ದೀರಿ. ಅದು ಊರಿನ ಬೆನ್ನು. ಊರಿನ ಮುಖ ಇರೋದು ನೀರಿನ ಕಡೆ.

ಮೇಡಂ, ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಬಾಯಲ್ಲಿ ಉಂಟು. ದಕ್ಷಿಣದಿಂದ ನೇತ್ರಾವತಿ ಬರುತ್ತದೆ, ಉತ್ತರದಿಂದ ಗುರುಪುರ ನದಿ ಬರುತ್ತದೆ. ಇದನ್ನು ಫಲ್ಗುಣಿ ಅಂತಲೂ ಕರೆಯುತ್ತಾರೆ. ಈ ಗುರುಪುರ ನದಿ ಸಮುದ್ರದ ಹತ್ತಿರ ಬಂದ ಕೂಡಲೇ ಸಮುದ್ರಕ್ಕೆ ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಸುಮಾರು ದೂರ ಹರಿದು, ಕೊನೆಗೆ ನೇತ್ರಾವತಿಯ ಜೊತೆ ಒಂದೇ ಬಾಯಲ್ಲಿ ಸಮುದ್ರ ಸೇರುತ್ತದೆ. ನದಿಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳಿನ ಪಟ್ಟಿಯೇ ತಣ್ಣೀರುಬಾವಿ ಮತ್ತು ಬೆಂಗ್ರೆ. ಊರಿಗೆ ಅದು ಮನೆ ಮುಂದಿನ ಜಗಲಿ ಇದ್ದ ಹಾಗೆ. ಕಡಲಿನ ಹೊಡೆತ ಅದು ತಿನ್ನುತ್ತದೆ, ಒಳಗೆ ದೋಣಿಗಳು ನಿಶ್ಚಿಂತೆಯಿಂದ ನಿಲ್ಲುತ್ತವೆ. ಹಳೆ ಬಂದರು ಹುಟ್ಟಿದ್ದು ಹೀಗೆ. ಘಟ್ಟದಿಂದ ಮೆಣಸು, ಶುಂಠಿ, ಅಕ್ಕಿ ಇಳಿಯಬೇಕು, ಹೊರಗಿನಿಂದ ಹಡಗು ಬರಬೇಕು. ಎರಡೂ ಸೇರುವ ಜಾಗ ಇದು.

ಹಾಗಾಗಿ ಮೊದಲ ದಿನವೇ ಸುಲ್ತಾನ್ ಬತ್ತೇರಿಗೆ ಬನ್ನಿ. ಕಪ್ಪು ಕಲ್ಲಿನ ಕಾವಲು ಬುರುಜು, ಟಿಪ್ಪುವಿನ ಕಾಲದ್ದು. ಚಿಕ್ಕದು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಆದರೆ ಮೇಲೆ ನಿಂತು ನದಿ ನೋಡಿದರೆ ಅದನ್ನು ಯಾಕೆ ಅಲ್ಲೇ ಕಟ್ಟಿದರು ಅಂತ ಯಾರೂ ವಿವರಿಸಬೇಕಾಗಿಲ್ಲ. ನದಿಗೆ ಹಡಗು ನುಗ್ಗಿದರೆ ಅಲ್ಲಿಂದ ತಪ್ಪಿಸಿಕೊಳ್ಳಲು ಆಗಲ್ಲ. ಪಕ್ಕದಲ್ಲೇ ದೋಣಿ ಹತ್ತಿ ತಣ್ಣೀರುಬಾವಿಗೆ ದಾಟಿ. ಆಚೆ ದಡದಲ್ಲಿ ಗಾಳಿಮರಗಳ ನಡುವೆ ನಡೆದರೆ ಸಮುದ್ರ.

ಬೆಣ್ಣೆದೋಸೆ ಊರಿನವಳು

ಬೋಳೂರಿನವರೇ, ಇದೇ ಬೇಕಿತ್ತು ನನಗೆ. ಅಪ್ಪನಿಗೆ ಓದಿ ಹೇಳಿದೆ, ಮ್ಯಾಪ್ ತೆಗೆದು ಕೂತಿದ್ದಾರೆ. ಅಮ್ಮ ದೋಣಿ ಹತ್ತಬಹುದಾ?

ಬೋಳೂರಿನವ

ಕೈ ಹಿಡಿದು ಹತ್ತಿಸಿದರೆ ಆಗುತ್ತದೆ. ನೀರಿನ ಇಳಿತದ ಹೊತ್ತಿನಲ್ಲಿ ದೋಣಿ ಕೆಳಗಿರುತ್ತದೆ, ಕಾಲು ಎತ್ತಿ ಇಡಬೇಕಾಗುತ್ತದೆ. ಕಷ್ಟ ಅನಿಸಿದರೆ ಕಾರಿನಲ್ಲಿ ಕೂಳೂರು ಸೇತುವೆ ಸುತ್ತಿಕೊಂಡು ತಣ್ಣೀರುಬಾವಿಗೆ ಬನ್ನಿ.

ಧಕ್ಕೆ ಬೆಳಗು

ಬತ್ತೇರಿ ಸರಿ. ಆದರೆ ಬಂದರಿಗೆ ಬಾರದೆ ಹೋದರೆ ಮಂಗಳೂರು ನೋಡಿದ ಲೆಕ್ಕ ಅಲ್ಲ ಮಾರಾಯ್ರೆ. ಬೆಳಗಿನ ಜಾವ ಧಕ್ಕೆಗೆ, ಅಂದರೆ ಮೀನಿನ ಬೋಟು ನಿಲ್ಲುವ ಕಟ್ಟೆಗೆ ಬನ್ನಿ. ಟ್ರಾಲ್ ಬೋಟು, ಪರ್ಸೀನ್ ಬೋಟು ಸಾಲಾಗಿ ನಿಂತಿರುತ್ತವೆ. ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ ಮೀನು ಇಳಿಯುತ್ತದೆ. ಏಲಂ ಕೂಗುವವರು ಒಂದು ಕಡೆ, ಐಸ್ ಪುಡಿ ಮಾಡುವ ಮಿಶಿನ್ ಸದ್ದು ಒಂದು ಕಡೆ. ಹೆಂಗಸರು ಚೌಕಾಸಿ ಮಾಡಿ ಬುಟ್ಟಿ ತುಂಬಿಸಿಕೊಂಡು ರಿಕ್ಷಾದಲ್ಲಿ ಹಾಕಿ ಹೊರಡುತ್ತಾರೆ. ಅವರೇ ಆಮೇಲೆ ನಿಮ್ಮ ತಮ್ಮನ ಮನೆ ಗೇಟಿನ ಮುಂದೆ ಬಂದು ಕೂಗುವವರು. ಅಮ್ಮನನ್ನು ಕರೆದುಕೊಂಡು ಬರಬೇಡಿ, ವಾಸನೆ ಅವರಿಗೆ ಆಗಲಿಕ್ಕಿಲ್ಲ, ನೆಲವೂ ಜಾರುತ್ತದೆ.

ಹಳೆ ಬಂದರಿನಲ್ಲಿ ಇನ್ನೊಂದು ನೋಡಿ, ಮಂಜಿ. ಲಕ್ಷದ್ವೀಪಕ್ಕೆ ಸಾಮಾನು ಹೊರುವ ಹಡಗುಗಳು. ಸಿಮೆಂಟು, ಜಲ್ಲಿ, ತರಕಾರಿ, ದಿನಸಿ ಎಲ್ಲ ಇಲ್ಲಿಂದ ಹೋಗುತ್ತದೆ. ಹಮಾಲರು ಹಲಗೆ ಮೇಲೆ ನಡೆದು ಚೀಲ ಇಳಿಸುವುದನ್ನು ದಡದಲ್ಲಿ ನಿಂತು ನೋಡಬಹುದು.

ಕಡಲ ಮೀನು ಪ್ರಿಯ

ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ಹೋಗಬೇಡಿ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಕಟ್ಟಿಕೊಂಡು ನಿಂತಿರುತ್ತವೆ ಅಷ್ಟೆ. ಡಿಸೆಂಬರ್ ಆದರೆ ಏನೂ ತೊಂದರೆ ಇಲ್ಲ.

ಪಣಂಬೂರು ಸಂಜೆ

ಹಳೆ ಬಂದರು, ಹೊಸ ಬಂದರು ಗೊಂದಲ ಮಾಡಿಕೊಳ್ಳಬೇಡಿ. ಕಚ್ಚಾ ತೈಲ, ಕಲ್ಲಿದ್ದಲು ತರುವ ದೊಡ್ಡ ಹಡಗುಗಳು ಬರುವುದು ಪಣಂಬೂರಿನ ನವಮಂಗಳೂರು ಬಂದರಿಗೆ. 1974ರಲ್ಲಿ ಅದಕ್ಕೆ ದೇಶದ ಪ್ರಮುಖ ಬಂದರಿನ ಸ್ಥಾನ ಸಿಕ್ಕಿತು. ಅದು ಮನುಷ್ಯರು ಅಗೆದು ಮಾಡಿದ ಬಂದರು. ಅಳಿವೆಯಲ್ಲಿ ಹೂಳು ತುಂಬುತ್ತದೆ, ದೊಡ್ಡ ಹಡಗಿಗೆ ಆಳ ಸಾಲಲ್ಲ. ಅದಕ್ಕೇ ಉತ್ತರಕ್ಕೆ ಹೋದರು. ನದಿ ಕೊಟ್ಟ ಬಂದರಿನ ಕಾಲ ಅಲ್ಲಿಗೆ ಮುಗಿಯಿತು ಅಂತ ಹೇಳಬಹುದು.

ಧಕ್ಕೆ ಬೆಳಗು

ಮುಗಿಯಿತು ಅಂದರೆ ಹೇಗೆ? ಸಾವಿರಾರು ಮನೆ ಇವತ್ತಿಗೂ ಹಳೆ ಬಂದರಿನ ಮೇಲೆ ನಡೆಯುತ್ತಿವೆ. ಮೀನು ಅಲ್ಲಿ, ಮಂಜಿ ಅಲ್ಲಿ, ಸಗಟು ಅಂಗಡಿಗಳೂ ಅಲ್ಲೇ. ದೊಡ್ಡ ಹಡಗು ಬೇರೆ ಕಡೆ ಹೋಯಿತು, ಅಷ್ಟೆ.

ಹಂಚಿನ ಮನೆ

ನಿಮ್ಮ ತಂದೆಗೆ ಹೇಳಬೇಕಾದ ಒಂದು ವಿಷಯ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಉತ್ತರ ಆಫ್ರಿಕಾದಿಂದ ಬಂದು ಮಂಗಳೂರಿನಲ್ಲಿ ಸುಮಾರು 17 ವರ್ಷ ಇದ್ದ. ಇಲ್ಲಿ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಅವನು ಬರೆದ, ಅವನಿಗೆ ಬಂದ ಕಾಗದಗಳು ಕೈರೋದ ಒಂದು ಹಳೆಯ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಸಿಕ್ಕಿವೆ. ಒಡೆದ ಹಳೆ ಪಾತ್ರೆಗಳನ್ನು ಏಡನ್‌ನಿಂದ ಹಡಗಿನಲ್ಲಿ ಕಳಿಸುತ್ತಿದ್ದರು, ಇಲ್ಲಿ ಕರಗಿಸಿ ಹೊಸದು ಮಾಡಿ ವಾಪಸ್ ಕಳಿಸುತ್ತಿದ್ದರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗ ಫಾರ್ಸ್ (ಪರ್ಷಿಯಾ) ಮತ್ತು ಯೆಮೆನ್ ವ್ಯಾಪಾರಿಗಳು ಹೆಚ್ಚಾಗಿ ಇಲ್ಲೇ ಇಳಿಯುತ್ತಾರೆ, ಮೆಣಸು ಶುಂಠಿ ಧಾರಾಳ ಸಿಗುತ್ತದೆ ಅಂತ ಬರೆದಿಟ್ಟ.

ಬಂದರು ಬೀದಿಯಲ್ಲಿ ಇವತ್ತು ನಡೆದರೆ ಇಲ್ಲಿನ ಮುಸ್ಲಿಮರ ಬ್ಯಾರಿ ಮಾತು ಕೇಳುತ್ತದೆ, ಸ್ವಲ್ಪ ಮುಂದೆ ಹೋದರೆ ಕೊಂಕಣಿ, ಇನ್ನೂ ಮುಂದೆ ತುಳು. ಝೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ಅನುಮತಿ ಕೇಳಿ ನೋಡಿ. ಅಲ್ಲಿಂದ ರಥಬೀದಿಯ ವೆಂಕಟರಮಣ ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ. ರೊಸಾರಿಯೊ ಚರ್ಚೂ ಹತ್ತಿರವೇ, 1568ರಲ್ಲಿ ಶುರುವಾದದ್ದು.

ಬರಹ ಬೇಕು

ಮೊದಲ ಕನ್ನಡ ಪತ್ರಿಕೆಯೂ ಮಂಗಳೂರಿನದ್ದೇ. 1843ರಲ್ಲಿ ಕಿಟೆಲ್ "ಮಂಗಳೂರ ಸಮಾಚಾರ" ತಂದರು. ಮೇಷ್ಟ್ರಿಗೆ ಇದು ಇಷ್ಟ ಆಗುತ್ತೆ.

ಹಂಚಿನ ಮನೆ

ಕಿಟೆಲ್ ಅಲ್ಲ ಸರ್, ಹೆರ್ಮನ್ ಮೋಗ್ಲಿಂಗ್, ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಜರ್ಮನ್ ಪಾದ್ರಿ. ಕಿಟೆಲ್ ಭಾರತಕ್ಕೆ ಬಂದದ್ದೇ 1853ರಲ್ಲಿ. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸಮಾಚಾರದ ಮೊದಲ ಸಂಚಿಕೆ 1843 ಜುಲೈ 1ರದ್ದು, ಅದಕ್ಕೇ ನಮ್ಮಲ್ಲಿ ಆ ದಿನ ಪತ್ರಿಕಾ ದಿನ.

ಬರಹ ಬೇಕು

ಮಾರನೇ ವರ್ಷ ಪತ್ರಿಕೆ ಬಳ್ಳಾರಿಗೆ ಹೋಯಿತು, "ಕನ್ನಡ ಸಮಾಚಾರ" ಅಂತ ಹೆಸರು ಬದಲಾಯಿತು. ನಾನು ಬಳ್ಳಾರಿಯವನು, ಅದನ್ನೂ ಸೇರಿಸಿಕೊಳ್ಳಿ.

ಹಂಚಿನ ಮನೆ

ಖಂಡಿತ. ಬಾಸೆಲ್ ಮಿಶನ್ ಮಾತು ಬಂತಲ್ಲ, ಹಂಚಿನ ಕಥೆ ಹೇಳದೆ ಇರಲು ಆಗಲ್ಲ.

ಮಿಶನ್ನಿನವರು ಇಲ್ಲಿಗೆ ಬಂದದ್ದು 1834ರಲ್ಲಿ. ಮತಾಂತರ ಆದವರಿಗೆ ಜಾತಿ ಕಸುಬು ತಪ್ಪಿಹೋಗುತ್ತಿತ್ತು, ಊಟಕ್ಕೆ ದಾರಿ ಬೇಕಿತ್ತು. ಹಾಗಾಗಿ ನೇಯ್ಗೆ, ಮುದ್ರಣ, ಆಮೇಲೆ ಹಂಚು. ಮೊದಲ ಕಾರ್ಖಾನೆ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ. ಮಣ್ಣು ನದಿ ಬಯಲಿನದು, ಸಾಗಿಸಲು ದೋಣಿ ಇತ್ತು, ಕಳಿಸಲು ಬಂದರು ಇತ್ತು. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದಕ್ಕಿಂತ ಮುಂಚೆ ಬಡವರ ಮನೆಗೆ ಮುಳಿಹುಲ್ಲು, ಮಡಲು (ಹೆಣೆದ ತೆಂಗಿನ ಗರಿ). ಪ್ರತಿ ವರ್ಷ ಹೊದಿಸಬೇಕು, ಬೆಂಕಿ ಭಯ ಬೇರೆ. ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿ ಕೂರುತ್ತದೆ, ನೀರು ಕಾಲುವೆಯಲ್ಲಿ ಇಳಿದು ಹೋಗುತ್ತದೆ. ಆಸ್ಟ್ರೇಲಿಯಾ, ಪೂರ್ವ ಆಫ್ರಿಕಾದವರೆಗೂ ಹೋಯಿತು.

ನಿಮ್ಮ ತಮ್ಮನ ಮನೆ ಹತ್ತಿರ ಯಾವುದಾದರೂ ಹಳೆ ಮನೆ ಕೆಡವುತ್ತಿದ್ದರೆ ಒಂದು ಹಂಚು ಮಗುಚಿ ನೋಡಿ. ಅಡಿಭಾಗದಲ್ಲಿ ಕಾರ್ಖಾನೆಯ ಹೆಸರು, ಊರಿನ ಹೆಸರು ಉಬ್ಬಿದ ಅಕ್ಷರದಲ್ಲಿ ಇರುತ್ತದೆ. ಕೆಲವದರಲ್ಲಿ ಇಸವಿಯೂ ಇರುತ್ತದೆ. ಮಸಿ ಒರೆಸಿದರೆ ಸರಿಯಾಗಿ ಓದಬಹುದು. ನಮ್ಮ ಕಡೆ ಮನೆ ಕೆಡವುವವರು ಇದನ್ನು ಲೋಡುಗಟ್ಟಲೆ ಎತ್ತಿ ಗುಂಡಿ ತುಂಬಿಸುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು. ಹಂಚಿನ ಮನೆಗೆ ಮಂಗಗಳ ಕಾಟ, ರಿಪೇರಿಗೆ ಜನ ಸಿಗಲ್ಲ ಅಂತ ಎಲ್ಲರೂ ಟೆರೇಸು ಹಾಕಿಸಿ, ಅದು ಸೋರಿ, ಮೇಲೆ ತಗಡು ಹಾಕಿಸುತ್ತಿದ್ದಾರೆ.

ಮಲ್ಲಿಗೆ ಮೊಳ

ತಗಡಿನ ವಿಷಯ ನೂರಕ್ಕೆ ನೂರು ನಿಜ. ಮಳೆಗಾಲದಲ್ಲಿ ಒಳಗೆ ಮಾತಾಡಿದ್ದು ಕೇಳಲ್ಲ.

ರಾಯಚೂರು ಬಿಸಿಲು

ಎಲ್ಲ ಓದಿದೆ, ಚೆನ್ನಾಗಿದೆ. ಒಂದು ಮಾತು ಹೇಳಲೇಬೇಕು. ಯಹೂದಿ ಬಂದ, ಅರಬರು ಬಂದರು, ಜರ್ಮನಿಯವರು ಬಂದರು ಅಂತ ಹೆಮ್ಮೆಯಿಂದ ಹೇಳ್ತೀರಿ. ಇವತ್ತು ಈ ಊರಿನ ಕಟ್ಟಡ ಕಟ್ಟುತ್ತಿರುವವರು ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರಿನಿಂದ ಬಂದವರು. ಬೋಟಿನಲ್ಲಿ ದುಡಿಯುವವರು ಆಂಧ್ರ, ತಮಿಳುನಾಡು, ಒಡಿಶಾದವರು. ಅವರ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ನಾನು ಇಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮೊದಮೊದಲು ಊಟಕ್ಕೆ ಕೂತಾಗ ಎಲ್ಲರೂ ತುಳುವಿನಲ್ಲೇ ಮಾತಾಡುತ್ತಿದ್ದರು. ಕನ್ನಡ ಗೊತ್ತಿದ್ದೂ ಮಾತಾಡಲ್ಲ ಅಂದರೆ ಬೇಜಾರು ಆಗುತ್ತೆ. ಬಾಡಿಗೆ ಮನೆ ಹುಡುಕುವಾಗ "ಯಾವ ಕಡೆಯವರು?" ಅನ್ನೋ ಪ್ರಶ್ನೆ ಮೊದಲು ಬರುತ್ತಿತ್ತು.

ಬೋಳೂರಿನವ

ಮನೆ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅದು ತಪ್ಪು. ಅದಕ್ಕೆ ಸಮರ್ಥನೆ ಇಲ್ಲ. ತುಳು ವಿಷಯ ಸ್ವಲ್ಪ ಬೇರೆ ಅಣ್ಣ. ನಮಗೆ ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ. ಪುಸ್ತಕದ ಕನ್ನಡ ಬರುತ್ತದೆ, ಹರಟೆಗೆ ಕೂತರೆ ಬಾಯಿ ತನ್ನಷ್ಟಕ್ಕೆ ತುಳುವಿಗೆ ಹೋಗುತ್ತದೆ. ಬೇಕು ಅಂತ ಮಾಡುವುದಲ್ಲ.

ರಾಯಚೂರು ಬಿಸಿಲು

ಬೇಕು ಅಂತ ಮಾಡಲಿ, ಬಿಡಲಿ, ಕೂತವನಿಗೆ ಅನಿಸೋದು ಒಂದೇ. ಈಗ ನನಗೆ ತುಳು ಅರ್ಥ ಆಗುತ್ತೆ, ಗೆಳೆಯರೂ ಇದ್ದಾರೆ. ಯಕ್ಷಗಾನ ಕಂಡರೆ ಜೀವ. ಅದಕ್ಕೇ ಹೇಳ್ತಿದ್ದೀನಿ. ಊರಿನ ಪರಿಚಯ ಮಾಡಿಕೊಡುವಾಗ ಈಗ ಬಂದವರನ್ನೂ ಸೇರಿಸಿ.

ಕೊಡಿಯಾಲದ ಅಜ್ಜಿ ಮೊಮ್ಮಗಳು

ರಾಯಚೂರಿನವರ ಮಾತಿಗೆ ನನ್ನ ಮತ. ನಾವು ಕೊಂಕಣಿಯವರೂ ಗೋವಾ ಕಡೆಯಿಂದ ಬಂದವರೇ. ಕ್ರೈಸ್ತರು ಬಂದರು, ಸಾರಸ್ವತರು ಬಂದರು. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ಎಷ್ಟೋ ಜನ ದಾರಿಯಲ್ಲೇ ಸತ್ತರು. 1799ರ ನಂತರ ಉಳಿದವರು ವಾಪಸ್ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಊರಲ್ಲಿ ಎಲ್ಲರೂ ಯಾವತ್ತೋ ಒಮ್ಮೆ ಹೊರಗಿನವರೇ.

ವೀಕೆಂಡ್ ಸವಾರ

ಟಿಪ್ಪು ವಿಷಯ ಬಂತು, ಇನ್ನು ಈ ಚರ್ಚೆ ಮುಗೀತು. ದಯವಿಟ್ಟು ಪ್ರವಾಸಕ್ಕೆ ವಾಪಸ್ ಬನ್ನಿ. ಸಂತ ಅಲೋಶಿಯಸ್ ಚಾಪೆಲ್ ಬಗ್ಗೆ ಯಾರಾದರೂ ಹೇಳಿ, ನಾನು ಒಳಗೆ ಹೋಗಿಲ್ಲ.

ಕೊಡಿಯಾಲದ ಅಜ್ಜಿ ಮೊಮ್ಮಗಳು

ಹೋಗಿ ನೋಡಿ ಸರ್, ಆಮೇಲೆ ಸಿಟಿಯಲ್ಲಿ ಏನೂ ಇಲ್ಲ ಅನ್ನಲ್ಲ ನೀವು. ಕಾಲೇಜು 1880ರಲ್ಲಿ ಶುರುವಾದದ್ದು. ಚಾಪೆಲ್ ಒಳಗಿನ ಚಿತ್ರಗಳನ್ನು ಬರೆದವರು ಇಟಲಿಯ ಆಂಟೊನಿಯೊ ಮೊಸ್ಕೆನಿ ಅನ್ನುವ ಜೆಸುಯಿಟ್ ಬ್ರದರ್. 1899ರಲ್ಲಿ ಶುರು ಮಾಡಿ ಎರಡು ವರ್ಷಕ್ಕೂ ಜಾಸ್ತಿ ಕೂತು ಗೋಡೆ, ಮಾಡು (ಚಾವಣಿ), ಕಮಾನು ಒಂದನ್ನೂ ಬಿಡದೆ ತುಂಬಿಸಿದರು. ಮಾಡಿನಲ್ಲಿ ಸಂತ ಅಲೋಶಿಯಸ್ ಜೀವನದ ಚಿತ್ರಗಳು ಇವೆ. ಕೆಳಗೆ ನಿಂತು ಕಂಬದ ಮೇಲಿನ ಅಲಂಕಾರ ನೋಡಿದರೆ ಕೆತ್ತಿದ ಕಲ್ಲು ಅನಿಸುತ್ತದೆ, ಹತ್ತಿರ ಹೋದರೆ ಬರೀ ಬಣ್ಣ. ಒಳಗೆ ಫೋಟೊ ತೆಗೆಯಲು ಬಿಡಲ್ಲ. ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡಬಹುದು, ಮಂಡಿ ನೋವಿನ ಅಮ್ಮನಿಗೂ ಇದು ಸುಲಭ.

ಅಲ್ಲಿಂದ ಬಾವುಟಗುಡ್ಡೆ ಪಕ್ಕದಲ್ಲೇ. 1837ರಲ್ಲಿ ಅಮರ ಸುಳ್ಯದ ರೈತರು ದಂಡು ಕಟ್ಟಿ ಬಂದು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ ಗುಡ್ಡ. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಮೇಲೆ ಉದ್ಯಾನದಿಂದ ಕಡಲು ಕಾಣುತ್ತದೆ.

ಜೋಗಿ ಗುಡ್ಡೆ

ಕದ್ರಿ ಹತ್ತಿರ ಮನೆ ಅಂದಿರಲ್ಲ, ಅದೃಷ್ಟ. ಕದ್ರಿ ಮಂಜುನಾಥನ ಗುಡಿಯಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ತಪ್ಪದೆ ನೋಡಿ. ಮೂರು ಮುಖ, ಆರು ಕೈ. ಪೀಠದ ಮೇಲಿನ ಶಾಸನದಲ್ಲಿ ಆಳುಪ ಅರಸ ಕುಂದವರ್ಮನ ಹೆಸರಿದೆ, ಕಾಲ ಕ್ರಿ.ಶ. 968. ಸಾವಿರ ವರ್ಷದ ಹಿಂದೆ ಕಂಚನ್ನು ಇಷ್ಟು ನಯವಾಗಿ ಎರಕ ಹೊಯ್ದಿದ್ದಾರೆ. ಅದು ಬೌದ್ಧರ ಅವಲೋಕಿತೇಶ್ವರನ ರೂಪ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಹಿಂದಿನ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠ ಉಂಟು. ಬೌದ್ಧ, ನಾಥ, ಶೈವ ಮೂರೂ ಒಂದೇ ಗುಡ್ಡದ ಮೇಲೆ. ಗುಡಿಯವರೆಗೆ ವಾಹನ ಹೋಗುತ್ತದೆ. ಕೆರೆಗಳಿಗೆ, ಮಠಕ್ಕೆ ಮೆಟ್ಟಿಲು ಹತ್ತಬೇಕು.

ಘಟ್ಟದ ಮೇಲಿನವ

ಕುದ್ರೋಳಿ ಬಗ್ಗೆ ಏನೂ ಹೇಳಲಿಲ್ಲ?

ಹುಲಿ ಹೆಜ್ಜೆ

ನಾನು ಹೇಳುತ್ತೇನೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಗೋಕರ್ಣನಾಥ ದೇವಸ್ಥಾನ. ದೇವಸ್ಥಾನಗಳ ಒಳಗೆ ಬಿಡದಿದ್ದ ಬಿಲ್ಲವರು ತಮ್ಮದೇ ಗುಡಿ ಕಟ್ಟಿಕೊಂಡರು. ಈಗ ಮಂಗಳೂರು ದಸರಾ ನಡೆಯುವುದೇ ಅಲ್ಲಿಂದ. 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದ್ದೂ ಅಲ್ಲೇ. ಬಂಗಾರದ ಬಣ್ಣ, ಲೈಟು ನೋಡಿ ಸುಮ್ನೆ ಫೋಟೊ ತೆಗೆದುಕೊಂಡು ಬರುವವರೇ ಜಾಸ್ತಿ. ಇದನ್ನು ತಿಳಿದು ನೋಡಿ.

ಡಿಸೆಂಬರ್‌ಗೆ ಬಂದರೆ ಹುಲಿವೇಷ ತಪ್ಪಿಹೋಗುತ್ತದೆ, ಅದಕ್ಕೆ ದಸರಾಕ್ಕೇ ಬರಬೇಕು. ಹಿಂದಿನ ರಾತ್ರಿ ಬಣ್ಣಕ್ಕೆ ನಿಲ್ಲುತ್ತಾರೆ. ಎರಡು ಕೈಗೆ ಆಧಾರಕ್ಕೆ ಕೋಲು, ಮೈಮೇಲೆ ಒಂದು ಕೋಟು ಬಣ್ಣ, ಒಣಗಬೇಕು, ಮತ್ತೆ ಪಟ್ಟೆ. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಬೆಳಗ್ಗೆ ತಾಸೆ ಬಡಿತ ಶುರುವಾದರೆ ದಣಿವು ಎಲ್ಲಿ ಹೋಯಿತೋ ಗೊತ್ತಾಗಲ್ಲ. ಅಕ್ಕಿ ಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ) ಹಲ್ಲಿನಲ್ಲಿ ಕಚ್ಚಿ ತಲೆ ಮೇಲಿಂದ ಹಿಂದಕ್ಕೆ ಎಸೆಯುವುದನ್ನು ಎದುರಿಗೆ ನಿಂತು ನೋಡಬೇಕು.

ಬೆಣ್ಣೆದೋಸೆ ಊರಿನವಳು

ಡಿಸೆಂಬರ್‌ನಲ್ಲಿ ಭೂತಕೋಲ ಸಿಗುತ್ತಾ? ಟಿಕೆಟ್ ಎಲ್ಲಿ ತೆಗೆದುಕೊಳ್ಳಬೇಕು?

ಜೋಗಿ ಗುಡ್ಡೆ

ಟಿಕೆಟ್ ಇಲ್ಲ ತಂಗಿ. ಅದು ಪ್ರದರ್ಶನ ಅಲ್ಲ. ಒಂದು ಕುಟುಂಬ ಅಥವಾ ಒಂದು ಗ್ರಾಮ ತನ್ನ ದೈವಕ್ಕೆ ಕೊಡುವ ಸೇವೆ. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ವ್ರತ ಹಿಡಿದು ಬರುತ್ತಾರೆ. ಪಾಡ್ದನ (ತುಳು ಹಾಡುಗತೆ) ಹೇಳುತ್ತಾ ಹೇಳುತ್ತಾ ದೈವದ ಹುಟ್ಟು, ಸಂಚಾರ ಎಲ್ಲ ತುಳುವಿನಲ್ಲಿ ಬರುತ್ತದೆ. ಆಮೇಲೆ ಜನ ಎದುರು ನಿಂತು ತಮ್ಮ ಜಗಳ, ಸಂಕಟ ಹೇಳಿಕೊಳ್ಳುತ್ತಾರೆ, ದೈವ ನುಡಿ ಕೊಡುತ್ತದೆ. ಇತ್ತೀಚೆಗೆ ಹೊರಗಿನಿಂದ ಬಂದವರು ಮುಖದ ಹತ್ತಿರ ಮೊಬೈಲು ಹಿಡಿಯುತ್ತಾರೆ, ರೀಲ್ಸ್‌ಗೆ ಅದೇ ಹೆಜ್ಜೆ ಕುಣಿಯುತ್ತಾರೆ. ನಮಗೆ ತುಂಬ ನೋವಾಗುತ್ತದೆ.

ತಮ್ಮನ ಸಹೋದ್ಯೋಗಿಗಳು ಯಾರಾದರೂ ತಮ್ಮ ಮನೆಯ ಕೋಲಕ್ಕೆ ಕರೆದರೆ ಖಂಡಿತ ಹೋಗಿ. ಚಪ್ಪಲಿ ಹೊರಗೆ ಬಿಡಿ, ಅವರು ಹೇಳಿದ ಕಡೆ ನಿಲ್ಲಿ, ಮೊಬೈಲು ಚೀಲದಲ್ಲಿ ಇರಲಿ. ಕರೆಯದಿದ್ದರೆ ಹುಡುಕಿಕೊಂಡು ಹೋಗಬೇಡಿ.

ಹುಲಿ ಹೆಜ್ಜೆ

ಇದರಲ್ಲಿ ಸ್ವಲ್ಪ ಭಿನ್ನ ಅಭಿಪ್ರಾಯ. ಗ್ರಾಮದ ನೇಮಕ್ಕೆ, ಅಂದರೆ ಊರಿನ ಕೋಲಕ್ಕೆ, ಊರವರು ಬಂದವರನ್ನು ಬೇಡ ಅನ್ನಲ್ಲ, ಊಟವನ್ನೂ ಹಾಕುತ್ತಾರೆ. ಭಕ್ತಿಯಿಂದ ಬಂದವರಿಗೆ ಬಾಗಿಲು ಹಾಕುವುದು ನಮ್ಮ ಕ್ರಮ ಅಲ್ಲ.

ಜೋಗಿ ಗುಡ್ಡೆ

ಭಕ್ತಿಯಿಂದ ಬರಲಿ, ನನ್ನ ಅಭ್ಯಂತರ ಏನೂ ಇಲ್ಲ. ಪ್ರವಾಸದ ಪಟ್ಟಿಯಲ್ಲಿ ಬೀಚಿನ ಕೆಳಗೆ ಕೋಲ ಅಂತ ಬರೆಯುವುದು ಬೇಡ ಅಂತ ಅಷ್ಟೆ ಹೇಳಿದ್ದು.

ರಾಯಚೂರು ಬಿಸಿಲು

ಅಕ್ಕ, ಕೋಲದ ಬದಲು ಯಕ್ಷಗಾನಕ್ಕೆ ಹೋಗಿ. ಡಿಸೆಂಬರ್ ಅಂದರೆ ಮೇಳಗಳು ತಿರುಗಾಟ ಹೊರಟಿರುತ್ತವೆ. ಕಟೀಲು ಮೇಳದ ಹರಕೆ ಆಟ ಯಾರದೋ ಮನೆ ಮುಂದೆ, ಗದ್ದೆಯಲ್ಲಿ ನಡೆಯುತ್ತೆ. ಯಾರು ಬೇಕಾದರೂ ಕೂರಬಹುದು, ದುಡ್ಡಿಲ್ಲ. ಹರಕೆ ಹೇಳಿಕೊಂಡವರು ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ. ಮಾತೆಲ್ಲ ಶುದ್ಧ ಕನ್ನಡ. ಮೇಷ್ಟ್ರಿಗೆ ಅರ್ಥಗಾರಿಕೆ ಕೇಳಿ ಖುಷಿಯಾಗುತ್ತೆ. ಒಂದು ಇಂಗ್ಲಿಷ್ ಪದ ಬರಲ್ಲ, ಎದುರು ಪಾತ್ರದವರು ಕೇಳಿದ ಪ್ರಶ್ನೆಗೆ ಅಲ್ಲೇ ಯೋಚಿಸಿ ಉತ್ತರ ಕೊಡಬೇಕು.

ಮಲ್ಲಿಗೆ ಮೊಳ

ಊಟದ ವಿಷಯಕ್ಕೆ ಬರೋಣ. ಅಮ್ಮನಿಗೆ ಬೆಳಗ್ಗೆ ಸಜ್ಜಿಗೆ ಬಜಿಲ್ ಕೊಡಿಸಿ. ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ ಬೆರೆಸಿ ತಿನ್ನುವುದು. ಬಾಳೆಹಣ್ಣು ಕಲಸಿದ ಬನ್ಸ್, ಸಂಜೆ ಗೋಳಿಬಜೆ, ನೀರ್‌ದೋಸೆಗೆ ಕಾಯಿಬೆಲ್ಲ. ಸಾರಸ್ವತರ ಹೋಟೆಲಿನಲ್ಲಿ ದಾಳಿತೋವೆ ಊಟ. ಪತ್ರೊಡೆ ಮಳೆಗಾಲದ ತಿಂಡಿ, ಡಿಸೆಂಬರ್‌ನಲ್ಲಿ ಸಿಕ್ಕರೆ ಅದೃಷ್ಟ. ಸಣ್ಣ ಹೋಟೆಲುಗಳಲ್ಲಿ ಮೀನೂ ಮಾಡುತ್ತಾರೆ, ಮೊದಲೇ ಕೇಳಿ ಕೂರಿ.

ಕಡಲ ಮೀನು ಪ್ರಿಯ

ನಿಮಗೆ: ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಮರ್ವಾಯಿ ಸುಕ್ಕ. ಕುಚ್ಚಲಕ್ಕಿ ಅನ್ನದ ಜೊತೆ ತಿನ್ನಿ, ಬಿಳಿ ಅನ್ನ ಕೇಳಬೇಡಿ.

ಬೆಣ್ಣೆದೋಸೆ ಊರಿನವಳು

ಅಪ್ಪನಿಗೆ ಕುಚ್ಚಲಕ್ಕಿ ಅರಗುತ್ತಾ?

ಮಲ್ಲಿಗೆ ಮೊಳ

ಗಂಜಿ ಮಾಡಿಸಿ ಕೊಡಿ, ತುಪ್ಪ, ಉಪ್ಪಿನಕಾಯಿ ಜೊತೆ. ಹೊಟ್ಟೆಗೆ ತಂಪು.

ಘಟ್ಟದ ಮೇಲಿನವ

ಗಡ್‌ಬಡ್ ಐಸ್‌ಕ್ರೀಂ ಮರೆತಿರಲ್ಲ! ಮಂಗಳೂರಿನ ಕೊಡುಗೆ.

ಉಡುಪಿ ರಥಬೀದಿ

ಗಡ್‌ಬಡ್ ಉಡುಪಿಯದ್ದು. ಬೇರೆ ಏನು ಬೇಕಾದರೂ ತೆಗೆದುಕೊಳ್ಳಿ, ಇದನ್ನು ಬಿಟ್ಟುಕೊಡಲ್ಲ.

ಮಲ್ಲಿಗೆ ಮೊಳ

ಹುಟ್ಟಿದ್ದು ಎಲ್ಲೇ ಆಗಲಿ, ಊರೂರಿಗೆ ಹೆಸರು ಮಾಡಿದ್ದು ಮಂಗಳೂರಿನ ಐಸ್‌ಕ್ರೀಂ ಪಾರ್ಲರುಗಳು.

ಪಣಂಬೂರು ಸಂಜೆ

ಇದು ಮುಗಿಯುವ ಜಗಳ ಅಲ್ಲ. ನಾನು ಮುಖ್ಯವಾದ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡಲು ನೋಡಲು ಶಾಂತ ಇದ್ದರೂ ಒಳಸೆಳೆತ ಇರುತ್ತದೆ. ಘಟ್ಟದ ಮೇಲಿನಿಂದ ಬಂದ ಮಕ್ಕಳು ನೀರಿಗೆ ಇಳಿದು ಜೀವ ಕಳೆದುಕೊಂಡ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಸೋಮೇಶ್ವರದಲ್ಲಿ ಬಂಡೆಗಳ ಮೇಲೆ ಹತ್ತಬೇಡಿ, ಅಲ್ಲಿ ಅಲೆ ಯಾವಾಗ ಎತ್ತರ ಬರುತ್ತದೆ ಹೇಳಲು ಬರಲ್ಲ. ಪಣಂಬೂರು, ತಣ್ಣೀರುಬಾವಿಯಲ್ಲಿ ಜೀವರಕ್ಷಕರು ಇರುತ್ತಾರೆ, ಅವರು ಸೀಟಿ ಊದಿದರೆ ವಾದ ಮಾಡದೆ ಹೊರಗೆ ಬನ್ನಿ.

ಉಳ್ಳಾಲಕ್ಕೆ ಹೋದರೆ ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆಗಳನ್ನು ನೋಡಿ. ಅಬ್ಬಕ್ಕ ರಾಣಿ 16ನೇ ಶತಮಾನದಲ್ಲಿ ಪೋರ್ಚುಗೀಸರ ವಿರುದ್ಧ ನಿಂತ ಊರು ಅದು. ಈಗ ಅಲ್ಲಿಯವರು ಮಳೆಗಾಲದಲ್ಲಿ ಕಡಲಿನ ವಿರುದ್ಧ ನಿಲ್ಲಬೇಕಾಗಿದೆ. ತೆಂಗಿನ ತೋಟ, ಮನೆ, ರಸ್ತೆ ಎಲ್ಲ ಹೋಗಿದೆ.

ವೀಕೆಂಡ್ ಸವಾರ

ಚಾಪೆಲ್, ಬತ್ತೇರಿ, ಧಕ್ಕೆ ಮೂರೂ ಬರೆದುಕೊಂಡೆ. ಆದರೂ ಗೋಕರ್ಣದ ಬೀಚು ಮುಂದೆ ಪಣಂಬೂರು ನಿಲ್ಲಲ್ಲ ಅನ್ನೋ ಮಾತು ವಾಪಸ್ ತಗೊಳ್ಳಲ್ಲ.

ಬೋಳೂರಿನವ

ತಗೊಳ್ಳಬೇಡಿ. ಬೀಚಿಗೆ ಗೋಕರ್ಣಕ್ಕೆ ಹೋಗಿ, ಊರು ನೋಡಲಿಕ್ಕೆ ಇಲ್ಲಿಗೆ ಬನ್ನಿ.

ರೈಲು ಹಳಿ

ದಾವಣಗೆರೆಯಿಂದ ರಸ್ತೆಯಲ್ಲಿ ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಇಳಿದು ಉಡುಪಿ ಮೇಲೆ ಬರಬಹುದು. ರೈಲು ಇಷ್ಟ ಇದ್ದರೆ ಹಾಸನಕ್ಕೆ ಬಂದು ಬೆಂಗಳೂರಿನ ಹಗಲು ರೈಲು ಹಿಡಿಯಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಅಪ್ಪ ಅಮ್ಮನಿಗೆ ಸೀಟು ಹಿಡಿಯಿರಿ. ಘಾಟಿಯಲ್ಲಿ ಕೆಲಸ, ಮಣ್ಣು ಕುಸಿತ ಅಂತ ಆಗಾಗ ರೈಲು ನಿಲ್ಲಿಸುತ್ತಾರೆ, ಓಡುತ್ತಿದೆಯಾ ನೋಡಿಕೊಂಡು ಬುಕ್ ಮಾಡಿ. ಇಳಿಯುವುದು ಮಂಗಳೂರು ಜಂಕ್ಷನ್, ಸೆಂಟ್ರಲ್ ಅಲ್ಲ. ಪಡೀಲು ಹತ್ತಿರ ಇದೆ, ಅಲ್ಲಿಂದ ಕದ್ರಿಗೆ ರಿಕ್ಷಾ ಮಾಡಿ.

ಬೆಣ್ಣೆದೋಸೆ ಊರಿನವಳು

ತುಂಬ ಉಪಕಾರ ಎಲ್ಲರಿಗೂ. ಅಪ್ಪ ಬೆನ್ ಯಿಜು ಕಾಗದಗಳ ಬಗ್ಗೆ ಇನ್ನೂ ಬೇಕು ಅಂತಿದ್ದಾರೆ. ಹಂಚಿನ ಮನೆಯವರೇ, ನಿಮಗೆ ಮೆಸೇಜ್ ಮಾಡಲಾ? ಮತ್ತೆ ಕಟೀಲಿಗೆ ಬಸ್ಸು ಎಲ್ಲಿಂದ? ತಮ್ಮ ಬಿಜೈ ಬಸ್ ಸ್ಟ್ಯಾಂಡ್ ಅಂತಾನೆ.

ಹಂಚಿನ ಮನೆ

ಖಂಡಿತ ಮಾಡಿ. ಮೇಷ್ಟ್ರು ಬಂದಾಗ ಬಲ್ಮಠದ ಕಡೆ ಒಟ್ಟಿಗೆ ಹೋಗೋಣ, ಮಿಶನ್ನಿನ ಹಳೆ ಕಡತಗಳು, ಪುಸ್ತಕಗಳು ಅಲ್ಲಿ ಉಂಟು.

ಧಕ್ಕೆ ಬೆಳಗು

ಬಿಜೈ ಕೆಎಸ್‌ಆರ್‌ಟಿಸಿ ಸ್ಟ್ಯಾಂಡು, ದೂರದ ಊರಿಗೆ. ಕಟೀಲಿಗೆ ಸ್ಟೇಟ್‌ಬ್ಯಾಂಕಿನಿಂದ ಖಾಸಗಿ ಬಸ್ಸುಗಳು ಬೇಕಾದಷ್ಟು ಉಂಟು. ಬ್ಯಾಂಕ್ ಹುಡುಕಬೇಡಿ, ಬಸ್ ಸ್ಟ್ಯಾಂಡಿನ ಹೆಸರೇ ಸ್ಟೇಟ್‌ಬ್ಯಾಂಕ್. ಬೆಳಗ್ಗೆ ಬೇಗ ಹೊರಟರೆ ಅಮ್ಮನಿಗೆ ಮುಂದಿನ ಸೀಟು ಸಿಗುತ್ತದೆ. ಕಂಡಕ್ಟರಿಗೆ ಮಂಡಿ ನೋವು ಅಂತ ಮೊದಲೇ ಹೇಳಿ, ಇಳಿಯುವಾಗ ಬಸ್ಸು ಪೂರ್ತಿ ನಿಲ್ಲಿಸುತ್ತಾರೆ.